ಒಂದು ‘ರೀ’ಗೆ ಐದು ರೂಪಾಯಿ

ನನಗೆ ಹೊಟ್ಟೆಕಿಚ್ಚಾಯಿತು. ಆಗಿಲ್ಲ ಎಂದು ಹೇಳಿ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಆದರೆ ಹೊಟ್ಟೆಕಿಚ್ಚಿಗೂ ಒಂದು ದರ್ಜೆ ಅಂತ ಇರುತ್ತದೆ. ಎಂ.ಎಲ್.ಎ. ಕಾರು ನೋಡಿ ಪಡಬಹುದು. ನನ್ನ ಷಡ್ಡಕ ಶ್ರೀಕರ್ ಕಾಡುಗೋಡಿಯಲ್ಲಿ ಮಣ್ಣಿನ ಬೆಲೆಗೆ ಕೊಂಡ ಸೈಟಿನ ಪಕ್ಕದಲ್ಲೇ ಮೆಟ್ರೋ ಬಂದು ನಿಂತಿತಲ್ಲ, ಅದನ್ನು ನೋಡಿ ಪಡಲೇಬೇಕು. ಆದರೆ ಮಂಚದ ಮೇಲೆ ಅಂಗಾತ ಮಲಗಿ ಮೊಬೈಲ್ ತೀಡುವ ಹುಡುಗನ ಮೇಲೆ, ಅದೂ ಎದುರುಮನೆ ತಾರಸಿಯ ಶೀಟ್ ರೂಮಿನ ಬಾಡಿಗೆದಾರನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ನನಗೆ ಬಂತು. ಅದನ್ನು ನೆನೆದಾಗ ಹೊಟ್ಟೆ ಇನ್ನಷ್ಟು ಉರಿಯಿತು.

ನಾನು ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ರಾಜಗೋಪಾಲನಗರದ ನಮ್ಮ ಕ್ರಾಸಿಗೆ ಬಂದು ‘ಇನ್ಸ್‌ಪೆಕ್ಟರ್ ಮನೆ ಯಾವುದು’ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಗೇಟಿನ ಪಕ್ಕದ ಕಲ್ಲಿನಲ್ಲಿ ‘ದ್ವಾರಕಾನಾಥ, ಇನ್ಸ್‌ಪೆಕ್ಟರ್, ನಿವೃತ್ತ’ ಎಂದು ಕೆತ್ತಿಸಿದ್ದೇನೆ. ಸರ್ಕಾರಿ ಕಾರ್ಖಾನೆಯೊಂದರ ಬೇರಿಂಗ್ ವಿಭಾಗದಲ್ಲಿ ನಾನು ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣದಲ್ಲಿ ‘ರಿಜೆಕ್ಟ್’ ಮುದ್ರೆ ಒತ್ತಿ ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಕಲ್ಲು ಕೆತ್ತುವವನು ಅಕ್ಷರಕ್ಕಿಷ್ಟು ಅಂದದ್ದರಿಂದ ‘ಬೇರಿಂಗ್’, ‘ಕ್ವಾಲಿಟಿ’ ಎರಡನ್ನೂ ಬಿಡಿಸಿದೆ. ಜನ ಅದನ್ನು ಓದಿ ಪೊಲೀಸ್ ಇನ್ಸ್‌ಪೆಕ್ಟರ್ ಅಂದುಕೊಂಡರೆ ಅದು ಅವರವರ ವಿವೇಚನೆಗೆ ಬಿಟ್ಟ ವಿಷಯ.

ನಿವೃತ್ತಿಯ ಮೇಲೆ ಬೇರಿಂಗ್ ಕೈಗೆ ಸಿಗದೆ ನಾನು ರಸ್ತೆಯನ್ನೇ ಪರೀಕ್ಷಿಸತೊಡಗಿದೆ. ಬೆಳಿಗ್ಗೆ ಬನಿಯನ್ನು, ಪಂಚೆಯಲ್ಲಿ ಗೇಟಿನ ಮುಂದೆ ನಿಂತರೆ ಕೈಯಲ್ಲಿ ಅಳತೆಯ ಟೇಪು ಇರುತ್ತದೆ. ಯಾವ ಬೈಕು ನನ್ನ ಗೇಟಿಗೆ ಎಷ್ಟು ಹತ್ತಿರ ನಿಂತಿದೆ ಅನ್ನುವುದನ್ನು ಅಳೆದು, ನಿಲ್ಲಿಸಿದವನಿಗೆ ತಿಳಿಹೇಳುತ್ತೇನೆ. ತಿಳಿಹೇಳುವುದು ಪೀಣ್ಯ ಎರಡನೇ ಹಂತದವರೆಗೂ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಪಂಕಜಾ ಆರೋಪಿಸುತ್ತಾಳೆ. ತುಂಬಾ ಹೊತ್ತು ತಿಳಿಹೇಳಿದರೆ ಅವಳು ಒಳಗಿನಿಂದ “ರೀ!” ಅನ್ನುತ್ತಾಳೆ. ಆಗ ನಾನು ಒಳಗೆ ಹೋಗುತ್ತೇನೆ. ಸಂಸಾರ ಅಂದಮೇಲೆ ಒಳಗೂ ಕೆಲಸ ಇರುತ್ತದಲ್ಲ.

ಇಷ್ಟೆಲ್ಲ ಸೇವೆ ಮಾಡುವವನಿಗೆ ಬೀದಿ ಏನು ಕೊಡುತ್ತಿತ್ತು? ವರ್ಷಕ್ಕೊಂದು ಪೇಟ. ನವೆಂಬರಿನಲ್ಲಿ ನಮ್ಮ ಕನ್ನಡ ಬಳಗದವರು ರಾಜ್ಯೋತ್ಸವ ಮಾಡಿದಾಗ ಬಾವುಟ ಹಾರಿಸುವವನು ನಾನು. ಹಾರಿಸಿದ ಮೇಲೆ ಸ್ಟೇಜಿನ ಮೇಲೆ ಕೂರಿಸಿ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುತ್ತಿದ್ದರು. ಆ ಪೇಟಗಳೆಲ್ಲ ನಮ್ಮ ಹಾಲಿನ ಶೋಕೇಸಿನ ಮೇಲೆ ಸಾಲಾಗಿ ಕೂತಿವೆ. ಶ್ರೀಕರನಿಗೆ ಸೈಟು ಇರಬಹುದು. ಪೇಟ ಒಂದೂ ಇಲ್ಲ.

ಈ ಸಲ ಬಳಗದ ಅಧ್ಯಕ್ಷ ಚನಬಸಪ್ಪ ಮನೆಗೆ ಬಂದಾಗ ನಾನು ಪಂಚೆಯನ್ನು ಇಸ್ತ್ರಿಗೆ ಕೊಟ್ಟು ಕೂತಿದ್ದೆ. ಚನಬಸಪ್ಪ ಮೂಲೆಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟವನು, ಮಾತು ಕಡಿಮೆ. ಅವತ್ತು ಇನ್ನೂ ಕಡಿಮೆಯಾಗಿತ್ತು.

“ಸಾರ್, ಮೂರನೇ ಭಾನುವಾರ ಫಂಕ್ಷನ್ ಇಟ್ಕೊಂಡಿದೀವಿ.”

“ಇಟ್ಕೊಳಪ್ಪ. ಪಂಚೆ ರೆಡಿ ಆಗ್ತಿದೆ.”

ಚನಬಸಪ್ಪ ಕೆಮ್ಮಿದ. “ಪಂಚೆ ಉಟ್ಕೊಂಡೇ ಬನ್ನಿ ಸಾರ್. ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸ್ತೀವಿ.”

“ಸಾಲು ಯಾಕೆ? ಸ್ಟೇಜ್ ಇಲ್ವಾ ಈ ಸಲ?”

“ಸ್ಟೇಜ್ ಇದೆ ಸಾರ್. ಸ್ಟೇಜ್ ಮೇಲೆ ನಮ್ಮ ಈರೇಶ. ನಿಮ್ಮ ಎದುರುಮನೆ ಈರೇಶ.”

ನಾನು ಕಿಟಕಿಯಾಚೆ ಬೆರಳು ತೋರಿಸಿದೆ. “ಆ ತಾರಸಿ ಮೇಲೆ ಹಗಲೆಲ್ಲ ಬಿದ್ಕೊಂಡಿರ್ತಾನಲ್ಲ, ಅವನಾ?”

“ಬಿದ್ಕೊಂಡೇ ಕೆಲಸ ಮಾಡ್ತಾನಂತೆ ಸಾರ್. ಮೊಬೈಲ್ ಗೇಮ್ ಮಾಡಿದಾನೆ. ಒಬ್ನೇ ಕೂತು. ಶುರುವಿಂದ ಕೊನೇವರ್ಗೂ ಕನ್ನಡ, ಒಂದು ಇಂಗ್ಲಿಷ್ ಪದ ಇಲ್ಲ. ಕನ್ನಡದ ಸೇವೆ ಅಲ್ವಾ ಸಾರ್ ಅದು? ಮೇಲಾಗಿ ಎಲ್‌ಇಡಿ ಸ್ಕ್ರೀನ್ ಖರ್ಚು ನಂದೇ ಅಂದ್ಬಿಟ್ಟ.”

“ಆಟ ಆಡೋನಿಗೆ ಯಾರಯ್ಯಾ ದುಡ್ಡು ಕೊಡ್ತಾರೆ?”

“ಅದೇ ಸಾರ್ ನಮಗೂ ತಲೆಗೆ ಹೋಗ್ತಿಲ್ಲ. ಆದ್ರೆ ಬರ್ತಿದೆ. ಮೊನ್ನೆ ಹೊಸ ಗಾಡಿ ತಗೊಂಡ.”

“ಇದು ನ್ಯಾಯವೇನಯ್ಯಾ ಚನಬಸಪ್ಪ? ಈ ಬೀದಿಗೆ ಡಾಂಬರು ಬರೋ ಮೊದ್ಲಿಂದ ನಾನು...” ಎಂದು ನಾನು ಎದ್ದು ನಿಂತೆ. ಬೀದಿಯ ಇತಿಹಾಸವನ್ನು ಮೊದಲಿನಿಂದ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ “ರೀ!” ಎಂದು ಕೇಳಿಸಿತು. ಒಳಗೆ ಹೋದೆ.

“ಹೊಟ್ಟೆ ಉರೀತಿದೆ ತಾನೆ?” ಅಂದಳು ಪಂಕಜಾ. “ಮಜ್ಜಿಗೆ ಮಾಡಿಟ್ಟಿದೀನಿ, ಕುಡೀರಿ. ಪಾಪ, ಆ ಹುಡುಗ ಹೋದ ತಿಂಗಳು ನೀವು ಬ್ಯಾಂಕಿಗೆ ಹೋದಾಗ ಬಂದಿದ್ದ. ಏನೋ ಕೇಳ್ದ, ಕೊಟ್ಟೆ. ಒಳ್ಳೇ ಹುಡುಗ.”

“ಏನು ಕೊಟ್ಟೆ? ಸಕ್ಕರೆಯಾ?”

“ಏನಿಲ್ಲ ಬಿಡಿ. ಒಂದಕ್ಷರ.”

ನೀರಿನ ಸಮಸ್ಯೆಯ ಮನವಿಗೆ ರುಜು ಹಾಕಿಸಿಕೊಂಡು ಹೋಗಿರಬೇಕು ಅಂದುಕೊಂಡೆ. ಮಜ್ಜಿಗೆ ಕುಡಿದರೂ ಉರಿ ಶಮನವಾಗಲಿಲ್ಲ.

ಈ ಈರೇಶ ಕುಷ್ಟಗಿ ಕಡೆಯವನು. ಪೀಣ್ಯದಲ್ಲಿ ಯಾವುದೋ ಟೂಲ್ ರೂಮಿನಲ್ಲಿ ಕಂಪ್ಯೂಟರ್ ಮೇಲೆ ಡ್ರಾಯಿಂಗ್ ಹಾಕುತ್ತಿದ್ದ. ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಮಂಚ ಹಿಡಿದ. ರೂಮಿನಲ್ಲಿ ಅವನ ಜೊತೆಗೆ ಇರುವವನು ಅವನೂರಿನವನೇ ಆದ ಯಮನೂರ, ಪೇಂಟಿಂಗ್ ಶೆಡ್ಡಿನಲ್ಲಿ ದುಡಿಯುವ ಬಡಪಾಯಿ. ತನ್ನ ಹಳೆಯ ಮೊಪೆಡನ್ನು ದಿನಾ ನನ್ನ ಗೇಟಿಗೆ ಒರಗಿಸಿ ನಿಲ್ಲಿಸಿ ದಿನಾ ಬೈಸಿಕೊಳ್ಳುತ್ತಿದ್ದ. ಈರೇಶನಿಗೆ ದುಡ್ಡು ಬರುವ ದಾರಿ ಯಾವುದು ಎಂದು ಪತ್ತೆ ಮಾಡುವುದು ಒಬ್ಬ ಇನ್ಸ್‌ಪೆಕ್ಟರಾಗಿ ನನ್ನ ಕರ್ತವ್ಯವಾಗಿತ್ತು. ದಾರಿ ವಕ್ರವಾಗಿದ್ದರೆ ಪೇಟ ತಾನಾಗಿಯೇ ಸರಿಯಾದ ತಲೆಗೆ ವಾಪಸು ಬರುತ್ತದೆ.

ಮಾರನೇ ದಿನ ಟ್ಯಾಂಕು ನೋಡುವ ನೆಪದಲ್ಲಿ ತಾರಸಿ ಹತ್ತಿದೆ. ನಮ್ಮ ತಾರಸಿಗೂ ಅವರ ತಾರಸಿಗೂ ನಡುವೆ ಒಂದು ರಸ್ತೆಯಗಲ, ಅಂದರೆ ನಮ್ಮ ಬೀದಿಯಲ್ಲಿ ಒಂದು ಆಟೋ ಅಗಲ. ಈರೇಶ ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ ಫೋನಿನಲ್ಲಿ ಯಾರಿಗೋ ಜೋರಾಗಿ ಹೇಳುತ್ತಿದ್ದ.

“ಯಮನೂರ ಸಾಯ್ತಾನಂತ ಯಾಕ ಮರುಗ್ತೀರಿ? ಸಾಯ್ಲಿ ಬಿಡ್ರಿ. ಅವ ಸತ್ರನ ನಮಗ ರೊಕ್ಕ.”

ನಾನು ಟ್ಯಾಂಕಿನ ಮುಚ್ಚಳ ಹಿಡಿದುಕೊಂಡೇ ನಿಂತೆ.

“ಮೂರು ಜೀವ ಪುಕ್ಕಟ ಕೊಡ್ತೀವ್ರಿ. ನಾಕನೇ ಜೀವಕ್ಕ ಹತ್ತು ರೂಪಾಯಿ. ಏನಂದ್ರಿ, ತೊಗಲಾ? ತೊಗಲಿಂದು ರೇಟ್ ಬ್ಯಾರೆ ಐತ್ರಿ. ಯಮನೂರನ ಹಳೇ ತೊಗಲು ತಗದು ಹುಲಿ ತೊಗಲು ಹಾಕಿದ್ರ ಐವತ್ತು. ಬಂಗಾರದ ತೊಗಲು ನೂರು. ಮಂದಿ ಮುಗಿಬಿದ್ದು ತಗೊಳ್ಳಾಕತ್ಯಾರ್ರಿ!”

ತೊಗಲು! ನನ್ನ ಕೈಯಿಂದ ಮುಚ್ಚಳ ಜಾರಿ ಟ್ಯಾಂಕಿನೊಳಗೆ ಬಿತ್ತು. ಯಮನೂರನನ್ನು ನಾನು ನೋಡಿ ನಾಲ್ಕೈದು ದಿನಗಳಾಗಿದ್ದವು. ಗೇಟಿನ ಮುಂದೆ ಅವನ ಮೊಪೆಡೂ ಇರಲಿಲ್ಲ. ಜಾಗ ಖಾಲಿಯಾಯಿತಲ್ಲ ಎಂದು ಸಂತೋಷಪಟ್ಟಿದ್ದೆನಲ್ಲ, ಶಿವನೇ! ಆ ಬಡಪಾಯಿಯ ಚರ್ಮವನ್ನು ಐವತ್ತು ರೂಪಾಯಿಗೆ ಮಾರಿ ಈ ದುಷ್ಟ ಎಲ್‌ಇಡಿ ಸ್ಕ್ರೀನು ಹಾಕಿಸುತ್ತಿದ್ದಾನೆ. ಅದೂ ಕನ್ನಡಮ್ಮನ ಹೆಸರಿನಲ್ಲಿ. ನನಗೆ ಹೆದರಿಕೆಯೂ ಆಯಿತು, ಹೇಳಲಾಗದಷ್ಟು ಖುಷಿಯೂ ಆಯಿತು.

ಪಂಕಜಳಿಗೆ ಹೇಳಿದರೆ “ಏನೋ ಆಟದ ವಿಷಯ ಇರ್ಬೇಕು, ಸುಮ್ನೆ ಇರಿ” ಅಂದಳು. ಹೆಂಗಸರಿಗೆ ಅಪರಾಧ ಜಗತ್ತಿನ ಪರಿಚಯ ಕಡಿಮೆ. ಅವಳು ಇನ್ನೊಮ್ಮೆ “ರೀ” ಅನ್ನುವ ಮೊದಲೇ ಬನಿಯನ್ನು, ಪಂಚೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಪೊಲೀಸ್ ಠಾಣೆಗೆ ಹೊರಟೆ.

ಠಾಣೆಯ ಮೆಟ್ಟಿಲ ಮೇಲೆ ಬಸಲಿಂಗ ಎಂಬ ಕಾನ್‌ಸ್ಟೆಬಲ್ ಊಟ ಮುಗಿಸಿ ಮೊಬೈಲ್ ನೋಡುತ್ತಾ ನಿಂತಿದ್ದ.

“ನಾನು ಇನ್ಸ್‌ಪೆಕ್ಟರ್ ದ್ವಾರಕಾನಾಥ,” ಅಂದೆ.

ಅವನು ಮೊಬೈಲು ಜೇಬಿಗಿಳಿಸಿ ಸೆಲ್ಯೂಟ್ ಹೊಡೆದ. ಬೇರಿಂಗ್ ವಿಭಾಗದಲ್ಲಿ ನನಗೆ ಯಾರೂ ಸೆಲ್ಯೂಟ್ ಹೊಡೆದಿರಲಿಲ್ಲ. ನಾನೂ ಒಂದು ಹೊಡೆದೆ.

“ಯಾವ ಸ್ಟೇಷನ್ನಲ್ಲಿದ್ರಿ ಸಾರ್?”

“ಬೇರಿಂಗು.”

“ಅದು ಯಾವ ಜಿಲ್ಲೆ ಬರತ್ತೆ ಸಾರ್?”

“ಮೊದ್ಲು ವಿಷಯ ಕೇಳಯ್ಯಾ. ನಮ್ಮ ಬೀದೀಲಿ ಒಬ್ಬ ಮನುಷ್ಯರ ಜೀವ ಮಾರ್ತಿದಾನೆ. ಮೂರು ತಗೊಂಡ್ರೆ... ಅಲ್ಲ, ಮೂರು ಫ್ರೀ, ನಾಲ್ಕನೇದಕ್ಕೆ ಹತ್ತು ರೂಪಾಯಿ. ಚರ್ಮಕ್ಕೆ ಬೇರೆ ರೇಟು!”

ಬಸಲಿಂಗ ಹಣೆ ಗಂಟು ಹಾಕಿದ. “ಹತ್ತು ರೂಪಾಯಿಗೆ ಜೀವ? ಈ ರೇಟು ಎಲ್ಲೋ ಕೇಳಿದೀನಲ್ಲ ಸಾರ್” ಎನ್ನುತ್ತಾ ಬೈಕ್ ತೆಗೆದ. ನಾನು ಹಿಂದೆ ಕೂತೆ. ಪೊಲೀಸ್ ಬೈಕಿನಲ್ಲಿ ನಮ್ಮ ಕ್ರಾಸಿನೊಳಗೆ ಬಂದೆನಲ್ಲ, ಅದನ್ನು ಶ್ರೀಕರ್ ನೋಡಬೇಕಿತ್ತು.

ನಾವು ಎದುರುಮನೆಯ ಮೆಟ್ಟಿಲು ಹತ್ತುವುದರೊಳಗೆ ಅರ್ಧ ಬೀದಿ ಹಿಂದೆಯೇ ಹತ್ತಿತು. ಚನಬಸಪ್ಪ ಲೇತ್ ಆಫ್ ಮಾಡಿ ಬಂದ. ಖಾನಾವಳಿಯ ಬಸಕ್ಕ ಹಿಟ್ಟಿನ ಕೈಯಲ್ಲೇ ಬಂದಳು. ಈರೇಶ ಮಂಚದಿಂದ ಇಳಿದು ನಗುತ್ತಾ ಕೈ ಮುಗಿದ. ಅವನ ನಗು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

“ಯಮನೂರ ಎಲ್ಲಿ?” ಬಸಲಿಂಗ ಗದರಿದ.

“ಯಾವ ಯಮನೂರ ಕೇಳಾಕತ್ತೀರಿ ಸರ? ಊರಿಗೆ ಹೋದವನೋ, ಫೋನ್ನಾಗಿದ್ದವನೋ?”

“ಸತ್ತೋನು!” ನಾನು ಹಿಂದಿನಿಂದ ಕೂಗಿದೆ.

“ಹಂಗಾದ್ರ ಫೋನ್ನಾಗಿದ್ದವನರಿ,” ಅಂದ ಈರೇಶ, ಒಂದಿಷ್ಟೂ ಅಳುಕದೆ. “ಇವತ್ತ ಮುಂಜಾನಿಂದ ಎರಡು ಸಾವಿರ ಸಲ ಸತ್ತಾನ್ರಿ. ಸಂಜಿ ಆದ್ರ ಇನ್ನೂ ಜಾಸ್ತಿ ಸಾಯ್ತಾನ.”

ಜನ ಹೋ ಅಂದರು. ಅಷ್ಟರಲ್ಲಿ ಕೆಳಗೆ ಪಟಪಟ ಸದ್ದಾಯಿತು. ಮೊಪೆಡು ನಿಲ್ಲಿಸಿ, ರೊಟ್ಟಿಯ ಗಂಟು ಹೆಗಲಿಗೇರಿಸಿಕೊಂಡು ಮೇಲೆ ಬಂದವನು ಸಾಕ್ಷಾತ್ ಯಮನೂರ. ತನ್ನದೇ ಹಳೆಯ ಚರ್ಮದಲ್ಲೇ ಇದ್ದ. ಗುಂಪಿನ ನಡುವೆ ನನ್ನನ್ನು ಕಂಡದ್ದೇ ತಡ, ನಿಂತಲ್ಲೇ ಹಿಂದೆ ತಿರುಗಿದ. “ಗಾಡಿ ತಗೀಬೇಕೇನ್ರಿ ಸರ? ಈಗ ತಗೀತೀನ್ರಿ, ಬೈಬ್ಯಾಡ್ರಿ!”

ಬಸಲಿಂಗ ಹಣೆ ಚಚ್ಚಿಕೊಂಡ. “ಅಯ್ಯೋ, ‘ಮೊದಲ ಪಾಳಿ’ ಗೇಮು! ಅದನ್ನ ಮಾಡಿದೋನು ನೀನೇನಾ ಮಾರಾಯ? ರೂಮಿಂದ ಹೊರಟು ಕಂಪನಿ ಸೈರನ್ ಆಗೋದ್ರೊಳಗೆ ಗೇಟ್ ಸೇರ್ಬೇಕಲ್ಲ, ಅದೇ ತಾನೆ? ನಂಗೆ ದುಡ್ಡು ಬಿಚ್ಚದೆ ಆ ಗಲ್ಲಿ ದಾಟಕ್ಕೇ ಆಗ್ತಿಲ್ಲ ಕಣೋ. ಅಲ್ಲೊಬ್ಬ ನಿಂತಿರ್ತಾನಲ್ಲ, ಬನಿಯನ್ನು, ಪಂಚೆ...” ಎಂದವನು ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದ. ನನ್ನ ಬನಿಯನ್ನು ನೋಡಿದ, ಪಂಚೆ ನೋಡಿದ, ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಭುಜಗಳು ಅಲುಗುತ್ತಿದ್ದವು. ಬೀದಿಯವರೆಲ್ಲ ಆಕಾಶ ನೋಡತೊಡಗಿದರು. ಪೊಲೀಸರಿಗೂ ಪಾಪ ಎಷ್ಟು ಒತ್ತಡ ಇರುತ್ತದೋ ಅಂದುಕೊಂಡೆ.

ಈರೇಶ ನನ್ನನ್ನು ಮಂಚದ ಮೇಲೆ ಕೂರಿಸಿ ಎಲ್ಲ ವಿವರಿಸಿದ. ಮಾತಾಡುವುದರಲ್ಲಿ ಸೀರೆ ಅಂಗಡಿಯವನೂ ಅವನ ಮುಂದೆ ನಿಲ್ಲಲಾರ.

“ಆಟದಾಗ ಓಡಾವಗ ನಮ್ಮ ಯಮನೂರನ ಹೆಸರ ಇಟ್ಟೇನ್ರಿ ಸರ. ಆಟ ಪುಕ್ಕಟ್ರಿ. ಪುಕ್ಕಟ ಅಂದ್ರ ಮಂದಿ ಒಳಗ ಬರ್ತಾರ. ಬಂದ ಮ್ಯಾಲ ಸಾಯ್ತಾರ. ಸತ್ತಾಗ ಜೀವಕ್ಕ ಬೆಲಿ ಬರತೈತಿ. ರೊಕ್ಕ ಇದ್ದವರು ಹತ್ತು ರೂಪಾಯಿ ಕೊಟ್ಟು ಹೊಸಾ ಜೀವ ತಗೋತಾರ. ಇಲ್ಲದವರು ಅರ್ಧ ನಿಮಿಷ ಜಾಹೀರಾತು ನೋಡ್ತಾರ, ಅದರ ರೊಕ್ಕ ಜಾಹೀರಾತಿನವರು ನಮಗ ಕೊಡ್ತಾರ. ಇನ್ನ ಕೆಲವರು ಆಟ ಚಲೋ ಐತಿ ಅಂತ ಸುಮ್ಮನ ಕಾಣಿಕಿ ಕಳಸ್ತಾರ್ರಿ, ಮಠಕ್ಕ ಕಳಿಸಿದಂಗ.”

“ಮತ್ತೆ ತೊಗಲು?”

“ಸ್ಕಿನ್ ಅಂತಾರಲ್ರಿ ಸರ, ಯಮನೂರ ಹಾಕ್ಕೊಳ್ಳೋ ವೇಷ. ಇಂಗ್ಲಿಷ್ ಒಂದ ಪದ ಬರಬಾರ್ದು ಅಂತ ಹಟ ಹಿಡದೆ. ಸ್ಕಿನ್ನಿಗೆ ಕನ್ನಡದಾಗ ತೊಗಲ ಅಲ್ಲೇನ್ರಿ?”

“ವೇಷ ಅಂತಲೇ ಹಾಕ್ಬಹುದಿತ್ತಲ್ಲೋ!”

“ಹಾಕಿದ್ದೆರಿ. ಒಂದೂ ಹೋಗಲಿಲ್ಲ. ತೊಗಲು ಅಂದ ಮ್ಯಾಲ ನೋಡ್ರಿ ವ್ಯಾಪಾರ!”

ನನಗೆ ಅರ್ಥವಾಯಿತು. ಇದು ದೇವಸ್ಥಾನದ ಲೆಕ್ಕ. ಒಳಗೆ ಬರುವುದು ಧರ್ಮ, ಹತ್ತಿರದಿಂದ ನೋಡಬೇಕೆಂದರೆ ಟಿಕೆಟ್ಟು. ವ್ಯವಹಾರದಲ್ಲಿ ಎಲ್ಲಿಯೂ ‘ರಿಜೆಕ್ಟ್’ ಒತ್ತುವಂಥ ದೋಷ ಸಿಗಲಿಲ್ಲ. ಅದು ಇನ್ನೂ ದೊಡ್ಡ ನೋವು. ಕಳ್ಳನ ಮೇಲೆ ಸಿಟ್ಟು ಮಾಡಿಕೊಂಡು ಆರಾಮಾಗಿ ಇರಬಹುದು. ನೆಟ್ಟಗೆ ದುಡಿದವನ ಮೇಲೆ ಹೊಟ್ಟೆಕಿಚ್ಚಲ್ಲದೆ ಇನ್ನೇನು ಪಡುವುದು?

ಮೆಟ್ಟಿಲಿಳಿಯುವಾಗ ಬಸಕ್ಕ ಇನ್ನೊಂದು ಕೊಳ್ಳಿ ಇಟ್ಟಳು. “ನಮ್ಮ ಖಾನಾವಳಿನೂ ಆಟದಾಗ ಐತ್ರಿ ಯಪ್ಪಾ. ಆಡೋರು ನಮ್ಮಲ್ಲಿ ರೊಟ್ಟಿ ತಿಂದ್ರ ತಾಕತ್ತ ಬರತೈತಿ. ಅದನ್ನ ನೋಡಿ ಖರೇನ ಉಣ್ಣಾಕ ಬರಾಕತ್ಯಾರ. ಅದಕ್ಕ ಈರೇಶನ ಕಡಿಂದ ಊಟದ ರೊಕ್ಕ ಇಸಗೊಳ್ಳಂಗಿಲ್ಲ.”

“ನಮ್ಮ ಲೇತೂ ಇದೆ ಸಾರ್,” ಅಂದ ಚನಬಸಪ್ಪ ನಾಚಿಕೊಂಡು. “ಕಿಡಿ ಹಾರತ್ತೆ, ತಪ್ಪಿಸ್ಕೋಬೇಕು.”

ನಮ್ಮ ಬೀದಿಯ ಕುಂಟನಾಯಿಗೂ ಪಾತ್ರವಿತ್ತಂತೆ. ನಾಯಿಗೆ! ಅವತ್ತು ಸಂಜೆ ನಾಯಿ ಎದುರಾದಾಗ ಅದು ನನ್ನನ್ನು ನೋಡಿದ ರೀತಿಯೇ ಬೇರೆಯಾಗಿತ್ತು. ನಾನು ತಡೆಯಲಾರದೆ ಈರೇಶನ ಹತ್ತಿರ ಹೋದೆ.

“ನೋಡಪ್ಪ, ನನಗಾಗಿ ಕೇಳ್ತಿಲ್ಲ. ಬೀದಿ ಅಂದ್ಮೇಲೆ ಬೀದಿಯ ಹಿರಿಯರು ಅಂತ ಯಾರೋ ಒಬ್ರು... ಆಟದಲ್ಲಿ...”

“ನಿಮ್ಮನ್ನ ಬಿಟ್ಟು ಆಟ ಮಾಡಾಕ ಬರ್ತೈತೇನ್ರಿ ಸರ?” ಅಂದ ಈರೇಶ. “ಎಲ್ಲಾರಕಿಂತ ದೊಡ್ಡ ಪಾತ್ರ ನಿಮ್ದ. ಫಂಕ್ಷನ್ ದಿನ ಸ್ಕ್ರೀನ್ ಮ್ಯಾಲ ನೋಡೀರಂತ. ಅಲ್ಲೀತನಕ ಸಸ್ಪೆನ್ಸ್ ಇರ್ಲಿ.”

ಒಂದು ಕ್ಷಣಕ್ಕೆ ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಅನ್ನಿಸಿಬಿಟ್ಟ. ಇಸ್ತ್ರಿಯವನಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ. ಶ್ರೀಕರನಿಗೆ ಫೋನ್ ಮಾಡಿ “ನನ್ನ ಮೇಲೆ ಒಂದು ಗೇಮ್ ಮಾಡಿದಾರೆ, ಸಾವಿರಾರು ಜನ ಆಡ್ತಿದಾರೆ, ಬಿಡುವಿದ್ರೆ ಸಂಸಾರ ಸಮೇತ ಬಾ” ಅಂದೆ. ಅವನು “ಸಂತೋಷ” ಎಂದು ಹೇಳಿ ಫೋನಿಟ್ಟ. ಅವನ ಸೈಟಿನ ಸುದ್ದಿ ಕೇಳಿದ ದಿನ ನಾನೂ ಹೀಗೇ ಸಂತೋಷಪಟ್ಟಿದ್ದೆ.

ಭಾನುವಾರ ಸಂಜೆ ಬೀದಿಗೆ ಬೀದಿಯೇ ಶಾಮಿಯಾನದ ಕೆಳಗೆ ಬಂತು. ಮುಂದಿನ ಸಾಲಿನಲ್ಲಿ ನಾನು. ನನ್ನ ಎಡಕ್ಕೆ ಪಂಕಜಾ, ಬಲಕ್ಕೆ ಶ್ರೀಕರ್, ಅವನಾಚೆ ನನ್ನ ನಾದಿನಿ. ಸ್ಟೇಜಿನ ಮೇಲಿನ ತಟ್ಟೆಯಲ್ಲಿ ಪೇಟ ಮಿರಿಮಿರಿ ಮಿಂಚುತ್ತಿತ್ತು. ಅದರ ಮೇಲಿನ ಆಸೆಯನ್ನು ನಾನು ಪೂರ್ತಿ ಬಿಟ್ಟಿರಲಿಲ್ಲ. ಅತಿ ದೊಡ್ಡ ಪಾತ್ರ ಅಂದಮೇಲೆ ಕೊನೆ ಗಳಿಗೆಯಲ್ಲಿ ಏನು ಬೇಕಾದರೂ ಆಗಬಹುದು.

ಸ್ಕ್ರೀನು ಬೆಳಗಿತು. ನಮ್ಮ ಬೀದಿಯೇ ಬಂತು, ಬಸಕ್ಕನ ಖಾನಾವಳಿ, ಲೇತಿನ ಕಿಡಿ, ನಾಯಿ, ಎಲ್ಲ. ಯಮನೂರ ಊಟದ ಡಬ್ಬಿ ಹಿಡಿದು ಓಡಿ ಬಂದ. ಅಲ್ಲೊಂದು ಗೇಟು, ಕಲ್ಲಿನ ಫಲಕ. ಫಲಕದ ಮುಂದೆ ಬನಿಯನ್ನು, ಪಂಚೆ ತೊಟ್ಟ ಒಬ್ಬ ಮನುಷ್ಯ, ಶಾಮಿಯಾನದಷ್ಟು ಎತ್ತರ, ಕೈಯಲ್ಲಿ ಟೇಪು. ಆ ಟೇಪನ್ನು ಸರ್ರನೆ ಎಳೆದು ರಸ್ತೆಗೆ ಅಡ್ಡ ಹಿಡಿದ. “ಇದೇನು ನಿಮ್ಮಪ್ಪನ ರಸ್ತೆನಾ? ತೆಗಿ ಗಾಡಿ!” ಎಂದು ನಾಲ್ಕು ಸ್ಪೀಕರುಗಳಲ್ಲಿ ನನ್ನ ಗಂಟಲೇ ಮೊಳಗಿತು. ಯಮನೂರನ ನೆತ್ತಿಯ ಮೇಲೆ ನನ್ನ ಕೆಂಪು ಮುದ್ರೆ ಕನ್ನಡದಲ್ಲಿ ‘ತಿರಸ್ಕೃತ’ ಎಂದು ಬಿತ್ತು. ಯಮನೂರ ಸತ್ತ.

ಶಾಮಿಯಾನ ನಗುವಿನಿಂದ ಅಲ್ಲಾಡಿತು. ನನ್ನ ಕಿವಿ ಕಾದುಹೋಯಿತು. ಎದ್ದು ಮೈಕ್ ಕಿತ್ತುಕೊಳ್ಳಬೇಕು ಅನ್ನುವಷ್ಟರಲ್ಲಿ ಚನಬಸಪ್ಪ ಸ್ಟೇಜ್ ಹತ್ತಿ ಆಡಿದ, ಸತ್ತ. ಬಸಲಿಂಗ ಆಡಿದ, ಸತ್ತ. ಟೋಪಿ ತೆಗೆದಿಟ್ಟು ಮತ್ತೆ ಆಡಿದ, ಮತ್ತೆ ಸತ್ತ. ಬೀದಿಯ ಗಂಡಸರು ಒಬ್ಬೊಬ್ಬರಾಗಿ ಹೋಗಿ ನನ್ನ ಗೇಟಿನ ಮುಂದೆ ಸತ್ತು ಬಂದರು. ನೋಡುತ್ತಾ ನೋಡುತ್ತಾ ನನ್ನ ಎದೆ ಅಗಲವಾಯಿತು.

“ನೋಡಿದ್ಯಾ?” ಅಂದೆ ಶ್ರೀಕರನಿಗೆ. “ಒಬ್ಬನ ಕೈಲೂ ಆಗ್ತಿಲ್ಲ. ಪೊಲೀಸಿನೋರ ಕೈಲೂ ಆಗ್ತಿಲ್ಲ.”

ಶ್ರೀಕರ್ ಒಣಗಿದ ಮುಖದಲ್ಲಿ “ಹೂಂ” ಅಂದ. ನನ್ನ ಜೀವಮಾನದಲ್ಲಿ ಅಷ್ಟು ಸಿಹಿಯಾದ ಹೂಂ ಕೇಳಿರಲಿಲ್ಲ.

ಆಗ ಈರೇಶ ಮೈಕು ತೆಗೆದುಕೊಂಡ. “ಈ ಇನ್ಸ್‌ಪೆಕ್ಟರ್ ಸಾಹೇಬ್ರು ಯಾರಿಗೂ ಬಗ್ಗಂಗಿಲ್ರಿ. ಜೀವ ಎಷ್ಟ ತಗೊಂಡ್ರೂ ಅಷ್ಟ, ಬಂಗಾರದ ತೊಗಲು ಹಾಕ್ಕೊಂಡ್ರೂ ಅಷ್ಟ. ಇವರನ್ನ ದಾಟಾಕ ಒಂದ ದಾರಿ ಐತಿ. ಐದು ರೂಪಾಯಿ ಕೊಟ್ಟು ಈ ಗುಂಡಿ ಒತ್ತಬೇಕು.”

ಒತ್ತಿದ. ನಾಲ್ಕು ಸ್ಪೀಕರುಗಳಿಂದ ಒಟ್ಟಿಗೆ ಬಂತು:

“ರೀ!”

ಸ್ಕ್ರೀನಿನ ಮೇಲಿನ ದೈತ್ಯ ಬೆಚ್ಚಿಬಿದ್ದು ಟೇಪು ಸುತ್ತಿಕೊಂಡು ಗೇಟಿನೊಳಗೆ ಓಡಿದ. ಹೀಗೆಂದು ನನಗೆ ಆಮೇಲೆ ಹೇಳಿದರು. ನಾನು ಅದನ್ನು ನೋಡಲಿಲ್ಲ. ಯಾಕೆಂದರೆ ಆ ಹೊತ್ತಿಗೆ ನಾನು “ಬಂದೆ ಕಣೇ!” ಎಂದು ಎದ್ದು, ಕುರ್ಚಿ ಕೆಡವಿ, ಶಾಮಿಯಾನ ದಾಟಿ ನಮ್ಮ ಮನೆಯ ಗೇಟಿನ ಚಿಲಕಕ್ಕೆ ಕೈ ಹಾಕಿದ್ದೆ.

ಹಿಂದೆ ಎದ್ದ ನಗು ತುಮಕೂರು ರಸ್ತೆಯ ಲಾರಿಗಳ ಸದ್ದನ್ನೂ ಮುಚ್ಚಿಹಾಕಿತು. ಬಸಕ್ಕ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡಳು. ಯಮನೂರ, ಜೀವಂತ ಯಮನೂರ, ಕಣ್ಣೊರೆಸಿಕೊಳ್ಳುತ್ತಿದ್ದ. ಜನರ ನಡುವಿನಿಂದ ಪಂಕಜಾ ಹೇಳಿದಳು: “ನಾನು ಇಲ್ಲೇ ಇದೀನಿ. ಬಂದು ಕೂತ್ಕೊಳ್ರೀ.”

ಬಂದು ಕೂತೆ.

“ನಮ್ಮ ಕಡೆ ‘ರೀ’ ಅನ್ನೋದು ಉಪ್ಪಿದ್ದಂಗ್ರಿ,” ಈರೇಶ ಮೈಕಿನಲ್ಲಿ ಮುಂದುವರಿಸಿದ. “ಬರ್ರಿ, ಹೋಗ್ರಿ, ಕುಂದರ್ರಿ, ಎಲ್ಲಾದಕ್ಕೂ ಹಾಕ್ತೀವಿ. ಅದಕ್ಕ ಕಿಮ್ಮತ್ತ ಇಲ್ಲ. ಈ ಬೀದಿಗೆ ಬಂದ ಮ್ಯಾಲ ನೋಡಿದೆ, ಅಕ್ಕಾರು ಒಳಗ ನಿಂತು ಈ ಒಂದ ಅಕ್ಷರ ಅಂದ್ರ ಸಾಕು, ಬೀದಿ ನಡುಗಿಸೋ ಸಾಹೇಬ್ರು ಮಾತು ಅರ್ಧಕ್ಕ ಬಿಟ್ಟು ಹೋಗ್ತಾರ. ಹೋಗಿ ಕೇಳಿದೆ, ಕೊಟ್ರು. ಜೀವ, ತೊಗಲು, ಜಾಹೀರಾತು ಎಲ್ಲಾ ಕೂಡಿದ್ರೂ ಈ ಒಂದ ಅಕ್ಷರ ದುಡದಷ್ಟು ದುಡೀಲಿಲ್ರಿ. ಇದರಾಗ ಅಕ್ಕಾರ ಪಾಲು ಅವರಿಗೇ ಮುಟ್ಟಬೇಕು. ಈ ಪೇಟಾನೂ ಅವರಿಗೇ ಸೇರಬೇಕು.”

ಚಪ್ಪಾಳೆ ನಿಲ್ಲಲೇ ಇಲ್ಲ. ಪಂಕಜಾ ಸೆರಗು ಸರಿಮಾಡಿಕೊಂಡು ಸ್ಟೇಜ್ ಹತ್ತಿದಳು. ಪೇಟ ಅವಳ ತಲೆಯ ಮೇಲೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಮೈಕು ಕೊಟ್ಟು ಏನಾದರೂ ಮಾತಾಡಿ ಅಂದರು. ಅವಳು ಸಭೆಯನ್ನೊಮ್ಮೆ ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಅಂದಳು: “ರೀ, ಕುರ್ಚಿ ನೆಟ್ಟಗೆ ಇಡಿ.” ನಾನು ಕುರ್ಚಿ ನೆಟ್ಟಗೆ ಇಟ್ಟೆ. ಜನ ಶಿಳ್ಳೆ ಹೊಡೆದರು.

“ಅಲ್ಲಾ,” ಶ್ರೀಕರ್ ನನ್ನ ಕಿವಿಯ ಹತ್ತಿರ ಬಗ್ಗಿದ, “ನಮ್ಮನೆಯವಳ ‘ರೀ’ನೂ ತಗೋತಾನಾ ಕೇಳು. ಇದಕ್ಕಿಂತ ಗಟ್ಟಿ ಇದೆ. ಕಾಡುಗೋಡಿಯಿಂದ ಕೂಗಿದ್ರೆ ಹೊಸಕೋಟೆವರ್ಗೂ ಹೋಗತ್ತೆ.” ಅವನ ಮುಖದಲ್ಲಿ ಹೊಟ್ಟೆಕಿಚ್ಚು ನಿಚ್ಚಳವಾಗಿ ಕುಣಿಯುತ್ತಿತ್ತು. ಎಷ್ಟು ವರ್ಷದಿಂದ ಕಾದಿದ್ದೆ ಈ ಗಳಿಗೆಗೆ! ಬಂದಾಗ ಅನುಭವಿಸಲು ಪುರಸೊತ್ತಿರಲಿಲ್ಲ. ನಾನು ನನ್ನ ಹೆಂಡತಿಯ ಪೇಟವನ್ನೇ ನೋಡುತ್ತಾ ಕೂತಿದ್ದೆ.

ಈಗ ಶೋಕೇಸಿನ ಮೇಲೆ ನನ್ನ ಪೇಟಗಳು ಹಿಂದಕ್ಕೆ ಸರಿದಿವೆ. ಮುಂದೆ ಅವಳದು ಕೂತಿದೆ, ಜರಿ ಜಾಸ್ತಿ. ಗೇಟಿನ ಮುಂದೆ ಹುಡುಗರು ಸೆಲ್ಫಿಗೆ ಬರುತ್ತಾರೆ. ನಾನು ಬನಿಯನ್ನು ಸರಿಮಾಡಿಕೊಂಡು ನಿಂತರೆ “ಆಂಟಿ ಇದಾರಾ ಸಾರ್?” ಅನ್ನುತ್ತಾರೆ. ನಾನು ನ್ಯಾಯ ಕೇಳಲು ಈರೇಶನ ಮಂಚಕ್ಕೂ ಹೋಗಿ ಬಂದೆ. “ಕರೆದಾಗ ಎದ್ದು ಹೋಗುವ ನಾನಿಲ್ಲದಿದ್ದರೆ ಆ ಅಕ್ಷರಕ್ಕೆ ಮೂರು ಕಾಸಿನ ಬೆಲೆ ಇದೆಯೇನಯ್ಯಾ? ಪೇಟದಲ್ಲಿ ಅರ್ಧ ನನ್ನದಲ್ಲವೇ?” ಎಂದು ಕೇಳಿದೆ. ಅವನು ಬಹಳ ಗೌರವದಿಂದ “ಖರೇ ಮಾತ್ರಿ ಸರ. ಮುಂದಿನ ಸಲ ನಿಮಗೂ ಒಂದು ಚಲೋ ತೊಗಲು ಬಿಡ್ತೀನ್ರಿ” ಅಂದ.

ಅವತ್ತೇ ತೀರ್ಮಾನಿಸಿದೆ. ಇನ್ನು ಮುಂದೆ ಕರೆದ ತಕ್ಷಣ ಹೋಗಬಾರದು. ಬೆಲೆ ಇರುವುದು ಹೋಗುವವನಿಗೋ ಕರೆಯುವವಳಿಗೋ ಎಂದು ಒಮ್ಮೆ ಇತ್ಯರ್ಥವಾಗಲಿ. ಇವತ್ತು ಬೆಳಿಗ್ಗೆ ಯಮನೂರನ ಮೊಪೆಡಿಗೂ ಗೇಟಿಗೂ ಟೇಪು ಹಿಡಿದು ನಿಂತಿದ್ದೆ. ಅಡುಗೆಮನೆಯಿಂದ ಬಂತು:

“ರೀ!”

ನಾನು ಅಲುಗಲಿಲ್ಲ. ಗಟ್ಟಿಯಾಗಿ ನಿಂತೆ. ಯಮನೂರ ಬಾಯಿಬಿಟ್ಟು ನನ್ನನ್ನೇ ನೋಡಿದ. ಈರೇಶ ಮಂಚದ ಮೇಲೆ ಎದ್ದು ಕೂತ.

ಒಳಗಿನಿಂದ ಮತ್ತೊಮ್ಮೆ ಬಂತು, ಈ ಸಲ ಸ್ವಲ್ಪ ಮೆತ್ತಗೆ. “ರೀ, ಕಾಫಿ ಆರಿಹೋಗ್ತಿದೆ.”

ಈ ಅಕ್ಷರ ಕೇಳಲು ಊರವರೆಲ್ಲ ಐದೈದು ರೂಪಾಯಿ ಕೊಡುತ್ತಾರೆ. ನನಗೊಬ್ಬನಿಗೆ ಮಾತ್ರ ಪುಕ್ಕಟೆ.

ಟೇಪು ಸುತ್ತಿಕೊಂಡೆ. “ಬಂದೆ ಕಣೇ.”